ಮೂರನೇ ಮೆಷಿನ್ನಿನ ಬಾತುಕೋಳಿ

ಸ್ವೆಟರ್ ಕಾರ್ಖಾನೆಯ ಚರಿತ್ರೆಯಲ್ಲಿ ಆ ಮಂಗಳವಾರದ ಒಂಬತ್ತೂಕಾಲು ಗಂಟೆಯನ್ನು ಗಂಭೀರವಾಗಿಯೇ ದಾಖಲಿಸಬೇಕು: ಮೂರನೇ ಮೆಷಿನ್ನಿಗೆ ಬಾತುಕೋಳಿ ಸಿಗಲಿಲ್ಲ.

ಮಕ್ಕಳ ಸ್ವೆಟರಿನ ಎದೆಯ ಮೇಲೆ ಬರಬೇಕಾದ ಬಾತುಕೋಳಿ. ಅದೊಂದೇ ಅಲ್ಲ, ಹೆಣೆಯುವ ಮೆಷಿನ್ನಿನ ಪರದೆಯಿಂದ ಆರುನೂರ ಹನ್ನೆರಡು ಡಿಸೈನುಗಳೂ ಮಾಯ. ಅಷ್ಟನ್ನೂ ಮಾಲೀಕನ ಅಕ್ಕ ಹದಿನೆಂಟು ವರ್ಷ ಕಂಪ್ಯೂಟರಿನ ಮುಂದೆ ಕೂತು, ನೂಲಿನ ಒಂದೊಂದು ಕುಣಿಕೆಗೆ ಒಂದೊಂದು ಚುಕ್ಕೆಯಿಟ್ಟು ಬರೆದಿದ್ದಳು. ಮಾಲೀಕ ತನ್ನ ಭಾವಮೈದನನ್ನು ಕರೆದ.

“ಏನಯ್ಯಾ, ಫೈಲೆಲ್ಲಾ ಎಲ್ಲಿ?”

“ಅಲ್ಲೇ ಇವೆಯಲ್ಲ ಭಾವ. ವ್ಯಾಪಾರಿಗಳು ಮೊಬೈಲಲ್ಲಿ ನೋಡಬೇಕು, ಹಳೇ ಬಿಎಂಪಿ ಚಿತ್ರಗಳನ್ನೆಲ್ಲಾ ಜೆಪಿಜಿ ಮಾಡು ಅಂತ ನೀವೇ ಹೇಳಿದ್ರಲ್ಲ. ಮಾಡಿದೀನಿ.”

“ಹಳೇವು?”

“ಹಳೇವು ಅಂತ ಬೇರೆ ಇಲ್ಲ. ಪೆನ್‌ಡ್ರೈವಿನಲ್ಲಿದ್ದ ಕಾಪೀನೂ ಮಾಡಿಬಿಟ್ಟೆ. ಒಂದೂ ಬಿಟ್ಟಿಲ್ಲ!”

ಅಕ್ಕ ನೂಲಿನ ಮೂಟೆಯ ಮೇಲೆ ಕುಸಿದು ಕೂತಳು.

“ಮೆಷಿನ್ನು ಓದೋದು ಬಿಎಂಪಿ ಮಾತ್ರ. ಜೆಪಿಜಿ ಜಾಗ ಉಳಿಸೋಕೆ ಅಂತ ಚುಕ್ಕೆಗಳನ್ನ ಒಂದರೊಳಗೊಂದು ಕಲಸಿಬಿಡುತ್ತೆ ಕಣೋ,” ಎಂದಳು ತಮ್ಮನಿಗೆ. “ನಾಲ್ಕು ಬಣ್ಣದ ಬಾತುಕೋಳಿ ಈಗ ನಾನೂರು ಬಣ್ಣ ಆಗಿರುತ್ತೆ. ನೋಡೋಕೆ ಹಾಗೇ ಕಾಣುತ್ತೆ, ಹೆಣೆಯೋಕಾಗಲ್ಲ. ನಾನೂರು ಬಣ್ಣದ ನೂಲು ಎಲ್ಲಿಂದ ತರ್ತೀಯ? ತಿರುಗಿ ಬಿಎಂಪಿ ಮಾಡಿದ್ರೂ ಕಲಸಿದ್ದು ಕಲಸಿದ್ದೇ. ಇನ್ನೊಂದು ಹದಿನೆಂಟು ವರ್ಷ ಕೂರೋ ಶಕ್ತಿ ನನಗಿಲ್ಲಪ್ಪ.”

ಭಾವಮೈದನ ಮುಖ ಬಿಳಿಚಿಕೊಂಡಿತು. ಕಂಪ್ಯೂಟರ್ ಬಲ್ಲವನು ಎಂಬ ಹೆಸರು ಬಂಧುಬಳಗದಲ್ಲಿ ಅವನಿಗಿದ್ದ ಏಕೈಕ ಆಸ್ತಿ. ಅದನ್ನು ಕೊನೆಯದಾಗಿ ಒಮ್ಮೆ ಮನಸ್ಸಿನಲ್ಲೇ ಸವರಿ, ಕೈಬಿಟ್ಟ.

“ಅಕ್ಕಾ... ನಾನು ಮಾಡಿಲ್ಲ.”

“ಏನು ಮಾಡಿಲ್ಲ?”

“ಜೆಪಿಜಿ. ಅದನ್ನ ಮಾಡೋದು ಹೇಗೆ ಅಂತ್ಲೇ ನನಗೆ ಗೊತ್ತಿಲ್ಲ. ಫೈಲಿನ ಹೆಸರಿನ ಕೊನೇಲಿ ಬಿಎಂಪಿ ಅಂತ ಇದ್ದದ್ದನ್ನ ಅಳಿಸಿ, ಜೆಪಿಜಿ ಅಂತ ಬರೆದೆ. ಅಷ್ಟೇ. ಒಳಗಡೆ ಕೈಯೇ ಹಾಕಿಲ್ಲ.”

ಅಕ್ಕ ದಡಬಡಿಸಿ ಎದ್ದಳು. ಬಾತುಕೋಳಿಯ ಫೈಲಿನ ಹೆಸರನ್ನು ಮತ್ತೆ ಬಿಎಂಪಿ ಎಂದು ತಿದ್ದಿ, ತೆರೆದು, ಪರದೆಯ ತುಂಬ ಹಿಗ್ಗಿಸಿದಳು. ಕೊಕ್ಕು ಬಂತು: ಹದಿನಾಲ್ಕು ಚುಕ್ಕೆ, ಎಣಿಸಿಟ್ಟ ಹಾಗೆ, ಹಳದಿ ಹಳದಿಯಾಗಿಯೇ. ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಆಮೇಲೆ ನಗು ಶುರುವಾಯಿತು, ನಿಲ್ಲಲಿಲ್ಲ.

“ಹಾಗಾದ್ರೆ ಒಂದು ವಾರ ಬಾಗಿಲು ಹಾಕ್ಕೊಂಡು ಅದೇನಯ್ಯಾ ಕಡಿದು ಕಟ್ಟೆ ಹಾಕಿದೆ?” ಮಾಲೀಕ ಗುಡುಗಿದ.

“ಆರುನೂರ ಹನ್ನೆರಡು ಹೆಸರು ಭಾವ. ಒಂದೊಂದಾಗಿ ಬದಲಾಯಿಸಿದೆ. ಪೆನ್‌ಡ್ರೈವಿಗೆ ಮತ್ತೆ ಅಷ್ಟು.”

“ಬೈಬೇಡ ಬಿಡೋ,” ಎಂದಳು ಅಕ್ಕ, ನಗುವಿನ ನಡುವೆ ಉಸಿರು ಹುಡುಕುತ್ತ. “ಕೆಲಸ ಗೊತ್ತಿದ್ದೋನ ಕೈಗೆ ಕೊಟ್ಟಿದ್ರೆ ಇವತ್ತು ನಾನು ಮುಳುಗಿಹೋಗಿರ್ತಿದ್ದೆ.”

ಸಂಜೆಯ ಹೊತ್ತಿಗೆ ಎಲ್ಲ ಹೆಸರುಗಳೂ ಮೊದಲಿನಂತಾದವು. ಪರಿವರ್ತನೆಯಾದ ಫೈಲುಗಳ ಒಟ್ಟು ಸಂಖ್ಯೆ ಸೊನ್ನೆ.