ಗಂಡನ ಗ್ಯಾಲಕ್ಸಿ

“ಇವನ ಸೊಕ್ಕು ನೋಡಿ!” ಎಂದು ನಿಯಂತ್ರಣ ಕೇಂದ್ರದ ಮುಖ್ಯಸ್ಥೆ ಕಂಪ್ಯೂಟರ್ ಪರದೆಗೆ ಬೆರಳು ಕುಟ್ಟಿದಳು. ಆಂಟೆನಾ ಇಂಜಿನಿಯರ್ ಕುರ್ಚಿಯನ್ನು ಉರುಳಿಸಿಕೊಂಡೇ ಬಂದು ಓದಿದ.

ಬಾಹ್ಯಾಕಾಶದಲ್ಲಿ ಸುತ್ತುವ ಎಕ್ಸ್-ರೇ ದೂರದರ್ಶಕಕ್ಕೆ ಆಗಷ್ಟೇ ಬಂದಿದ್ದ ತುರ್ತು ಅರ್ಜಿ ಅದು. ತಣ್ಣಗೆ ಬಿದ್ದುಕೊಂಡಿದ್ದ ಯಾವುದೋ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಇದ್ದಕ್ಕಿದ್ದಂತೆ ಏನನ್ನೋ ನುಂಗಿ ಧಗಧಗ ಉರಿಯತೊಡಗಿದೆಯಂತೆ. ಕೈಯಲ್ಲಿರುವ ಕೆಲಸ ಬಿಟ್ಟು ದೂರದರ್ಶಕವನ್ನು ಈಗಿಂದೀಗಲೇ ಅತ್ತ ತಿರುಗಿಸಬೇಕಂತೆ. ಅಷ್ಟೇ ಆಗಿದ್ದರೆ ಸರಿ. ಕೊನೆಗೊಂದು ಒಗ್ಗರಣೆ ಬೇರೆ: ‘ಈಗ ನೋಡುತ್ತಿರುವ ಗ್ಯಾಲಕ್ಸಿ ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ಬಿಡಲು ಮೀನಮೇಷ ಎಣಿಸಬೇಡಿ.’

ಬೇರೆ ಯಾರದೋ ಗ್ಯಾಲಕ್ಸಿ ಆಗಿದ್ದರೆ ಅವಳು ಎಣಿಸುತ್ತಲೂ ಇರಲಿಲ್ಲ. ಈಗ ನೋಡುತ್ತಿದ್ದದ್ದು ಅವಳ ಗಂಡನ ಗ್ಯಾಲಕ್ಸಿ.

ವರ್ಷಗಟ್ಟಲೆ ಅರ್ಜಿ ಹಾಕಿ, ಪ್ರತಿ ಸಲವೂ ಬೇಡ ಎನ್ನಿಸಿಕೊಂಡು, ಕೊನೆಗೂ ಅವನು ಗಿಟ್ಟಿಸಿದ್ದ ಒಂದು ವಾರದ ನೋಟ. ಆ ಗ್ಯಾಲಕ್ಸಿಯ ಎಕ್ಸ್-ರೇ ಬೆಳಕು ನಿಧಾನವಾಗಿ ಏರಿ ಇಳಿಯುವ ಬಗೆಯನ್ನು ಹಿಡಿಯಬೇಕೆಂದರೆ ನಡುವೆ ಕಣ್ಣು ಕದಲಿಸುವಂತಿಲ್ಲ. ಒಮ್ಮೆ ತುಂಡಾಯಿತೋ, ಮುಗಿಯಿತು ಕಥೆ. ಮತ್ತೆ ಸರದಿ ಬರುವುದು ಯಾವ ಕಾಲಕ್ಕೋ.

“ಅತ್ತೆ ಒಡವೆಯನ್ನ ಅಳಿಯ ದಾನ ಮಾಡಿದನಂತೆ,” ಎಂದು ಅವಳು ಹಲ್ಲು ಕಡಿದಳು. “ಇದು ಆ ಮೀಸೆ ಪ್ರೊಫೆಸರದ್ದೇ ಕಿತಾಪತಿ. ನಮ್ಮವರ ಗ್ಯಾಲಕ್ಸಿ ಆಮೆ ಇದ್ದ ಹಾಗೆ ಅಂತ ತುಂಬಿದ ಸಭೆಯಲ್ಲಿ ನಕ್ಕಿದ್ರಲ್ಲ, ಅವರೇ.”

“ಅರ್ಜೀಲಿ ಹೆಸರಿಲ್ವಲ್ಲ ಮೇಡಂ.”

“ಹೆಸರು ಬೇರೆ ಬೇಕೇನ್ರಿ? ವಾಸನೆ ಸಾಲ್ದಾ?”

ಹೆಸರು ಇರಬಾರದೆಂಬುದೇ ಅಲ್ಲಿನ ನಿಯಮ. ಮುಖ ನೋಡಿ ಮಣೆ ಹಾಕಬಾರದಲ್ಲ! ಅರ್ಜಿ ಹಾಕಿದವರು ಬಂದು ಅಂಗಲಾಚುವಂತೆಯೂ ಇಲ್ಲ. ನಿರ್ದೇಶಕರನ್ನು ಕೇಳೋಣವೆಂದರೆ ಅವರು ವಿಮಾನದಲ್ಲಿದ್ದರು. ಅಂದಿನ ಮಟ್ಟಿಗೆ ಹೂಂ ಎನ್ನುವವಳೂ ಅವಳೇ, ಊಹೂಂ ಎನ್ನುವವಳೂ ಅವಳೇ.

“ದೂರದರ್ಶಕ ಇನ್ನೇನು ನಮ್ಮ ತಲೆ ಮೇಲೆ ಹಾದುಹೋಗುತ್ತೆ,” ಎಂದ ಇಂಜಿನಿಯರ್. “ಆದೇಶ ಕಳಿಸ್ಲಾ? ಈ ಸುತ್ತು ತಪ್ಪಿದ್ರೆ ಮತ್ತೆ ಮಧ್ಯಾಹ್ನವೇ.”

“ತಡೀರಿ ಸ್ವಲ್ಪ. ಉಸಿರಾದ್ರೂ ಬಿಡೋಣ.”

ಗಂಡನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮನೆಯ ಫೋನಿಗೆ ಮಾಡಿದಳು. ಎತ್ತಿದ್ದು ಅತ್ತೆ.

“ಅವನಾ? ಎದ್ದವನೇ ಕೋಣೆ ಬಾಗಿಲು ಹಾಕ್ಕೊಂಡು ಟಕಟಕ ಅಂತ ಟೈಪ್ ಮಾಡಿದ್ದೇ ಮಾಡಿದ್ದು. ಈಗ ನೋಡಿದ್ರೆ ಬಾಲ ಸುಟ್ಟ ಬೆಕ್ಕಿನ ಹಾಗೆ ಶತಪಥ ತಿರುಗ್ತಿದಾನೆ. ಕಾಫಿ ಕೊಟ್ರೂ ಬೇಡ್ವಂತೆ. ಇರು, ಕರೀತೀನಿ… ಊಹೂಂ ಕಣಮ್ಮ, ನಿನ್ನ ಜೊತೆ ಮಾತಾಡಲ್ಲ ಅಂತ ಕೈ ಆಡಿಸ್ತಿದಾನೆ! ಜಗಳ ಗಿಗಳ ಆಡಿದ್ರೇನು?”

“ಇಲ್ಲ ಅತ್ತೆ…”

“ಅಡುಗೆಮನೆ ನಲ್ಲಿ ಬೇರೆ ಸೋರ್ತಾ ಇದೆ. ಕೇಳಿದ್ರೆ, ನೋಟ ಮುಗೀಲಿ ಅಂತಾನೆ. ಯಾವಾಗಮ್ಮ ಮುಗಿಯೋದು ಅದು?”

“ಅದನ್ನ ಮುಗಿಸೋದು ನನ್ನ ಕೈಲೇ ಇದೆ,” ಎಂದು ಅವಳು ಫೋನ್ ಇಟ್ಟಳು.

ಅಯ್ಯೋ, ಸುದ್ದಿ ಆಗಲೇ ಮುಟ್ಟಿಬಿಟ್ಟಿದೆ! ಆಫೀಸಿನ ಗೋಡೆಗಳಿಗೆ ಕಿವಿ ಮಾತ್ರವಲ್ಲ, ಬಾಯಿಯೂ ಇದೆ. ಇನ್ನೂ ಏನೂ ಮಾಡಿಲ್ಲ, ಆಗಲೇ ಮಾತು ಬಿಟ್ಟವನು ಮಾಡಿದ ಮೇಲೆ ಸುಮ್ಮನೆ ಬಿಟ್ಟಾನೆಯೇ? ಅವಳಿಗೆ ನಿಜವಾಗಿಯೂ ಭಯವಾಯಿತು. ಇಷ್ಟೆಲ್ಲ ಅಂದುಕೊಳ್ಳುವಷ್ಟರಲ್ಲಿ ಸುತ್ತು ತಪ್ಪಿತು. ಇಂಜಿನಿಯರ್ ಕೆಮ್ಮಿದ.

ಅವಳು ಅರ್ಜಿಯನ್ನು ಮತ್ತೆ ತೆರೆದಳು. ಹುಳುಕು ಹುಡುಕುವುದೇ ಉದ್ದೇಶ. ಸಿಕ್ಕಿದರೆ ತಿರಸ್ಕರಿಸಿ ನೆಮ್ಮದಿಯಾಗಿ ಮನೆಗೆ ಹೋಗಬಹುದು. ಸಿಗಲಿಲ್ಲ. ಇನ್ನೊಂದು ಪುಟ್ಟ ಉಪಗ್ರಹ ಹಿಡಿದಿದ್ದ ಬೆಳಕಿನ ಏರಿಳಿತದ ಗೆರೆ ಅಲ್ಲಿತ್ತು; ನೆಟ್ಟಗೆ ಮೇಲಕ್ಕೇರುತ್ತಿತ್ತು. ಇಂಥದ್ದು ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ. ಆರಿದ ಮೇಲೆ ಯಾರು ತಲೆಕೆಳಗಾಗಿ ನಿಂತರೂ ವಾಪಸು ಬರುವುದಿಲ್ಲ. ಮೀಸೆಯವರ ನಾಲಿಗೆ ಎಷ್ಟೇ ಕೆಟ್ಟದ್ದಿರಲಿ, ಲೆಕ್ಕ ಮಾತ್ರ ಚೊಕ್ಕವಾಗಿತ್ತು.

ಕೇಳಿದವರು ಯಾರು ಎಂದು ನೋಡಿ ದೂರದರ್ಶಕ ತಿರುಗಿಸುವುದಾದರೆ ಈ ಕುರ್ಚಿಯಲ್ಲಿ ತಾನೇಕೆ ಕೂತಿರಬೇಕು? ಹಾಗಂದುಕೊಂಡರೂ ಕಣ್ಣು ಕೇಳಲಿಲ್ಲ, ತುಂಬಿ ಬಂತು. ನೋಟ ಸಿಕ್ಕಿತೆಂದು ತಿಳಿದ ದಿನ ಗಂಡ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿ, ಸೊಂಟ ಹಿಡಿದುಕೊಂಡು ಮೂರು ದಿನ ಮಲಗಿದ್ದ. ಅಂಥವನ ಕನಸನ್ನು ತಾನೇ ಕತ್ತರಿಸಬೇಕಲ್ಲ!

ಮಧ್ಯಾಹ್ನದ ಸುತ್ತು ಬಂತು. “ಕಳಿಸಿ,” ಎಂದು ಅವಳು ಗೋಡೆ ಕಡೆ ತಿರುಗಿ ಕೂತಳು. ಇಂಜಿನಿಯರ್ ಗುಂಡಿ ಒತ್ತಿದ. ಮೇಲೆಲ್ಲೋ ದೂರದರ್ಶಕ ಗಂಡನ ಗ್ಯಾಲಕ್ಸಿಗೆ ಬೆನ್ನು ಹಾಕಿತು.

ಸಂಜೆ ಮನೆ ಬಾಗಿಲು ತೆರೆದವನು ಅವನೇ. ಮುಖ ಕೆಂಡವಾಗಿತ್ತು. ಅತ್ತೆ ಇಬ್ಬರನ್ನೂ ಒಮ್ಮೆ ನೋಡಿ ಮೆಲ್ಲಗೆ ಅಡುಗೆಮನೆಗೆ ಜಾರಿಕೊಂಡರು.

“ಬೈಯೋದಿದ್ರೆ ಬೈದುಬಿಡಿ ರೀ,” ಎಂದಳು ಅವಳು, ಚಪ್ಪಲಿಯನ್ನೂ ಬಿಡದೆ. “ನಿಮ್ಮ ನೋಟ ನಿಲ್ಸಿದ್ದು ನಾನೇ. ಬೇರೆ ದಾರಿ ಇರ್ಲಿಲ್ಲ.”

“ದಾರಿ ಇಲ್ಲ ಅಂತ ಗೊತ್ತಿದ್ದೂ ಬೆಳಗಿನ ಸುತ್ತು ಯಾಕೆ ಬಿಟ್ಟೆ?” ಎಂದು ಅವನು ಕೂಗಿದ. “ಉರಿ ಏರೋದನ್ನ ನೋಡ್ಬೇಕಿತ್ತು. ಅರ್ಧ ಏರಿಕೆ ಕೈತಪ್ಪಿ ಹೋಯ್ತು!”

ಅವಳಿಗೆ ಒತ್ತರಿಸಿ ಬರುತ್ತಿದ್ದ ಅಳು ನಿಂತು ಸಿಟ್ಟು ಬಂತು. “ನಿಮಗೋಸ್ಕರ ಬಿಟ್ಟೆ ರೀ! ಆ ಮೀಸೆಯವರಿಗೆ ಅರ್ಧ ತಪ್ಪಿದ್ರೆ ನಿಮ್ಮ ಗಂಟೇನು ಹೋಯ್ತು?”

“ಯಾವ ಮೀಸೆಯೇ? ಆ ಅರ್ಜಿ ಹಾಕಿದ್ದು ನಾನು ಕಣೇ!”