ಮಗ ಕಲಿತದ್ದು

ಮಾದಕ ವಸ್ತುಗಳ ವಿರುದ್ಧದ ಪೋಸ್ಟರುಗಳಿಂದ ಹುಡುಗರಿಗೆ ಪ್ರಯೋಜನವಾಗಿದೆಯೇ ಎಂದು ವಿಚಾರಿಸುತ್ತ ಸಮೀಕ್ಷೆಯ ಹುಡುಗಿ ಪಂಚರ್ ಅಂಗಡಿಗೆ ಬಂದಳು. ಅಂಗಡಿಯವನು ಸ್ಟೂಲು ಒರೆಸಿ ನೆರಳಿಗೆ ಎಳೆದು ಕೊಟ್ಟ.

“ಶಾಲೆ ಗೋಡೆ ಮೇಲಿನ ನಮ್ಮ ಪೋಸ್ಟರ್‌ನ ನಿಮ್ಮ ಮಗ ಓದಿದಾನಾ ಅಣ್ಣ?”

“ಓದಿದಾನಮ್ಮ. ಮನೇಲಿ ಬಾಯಿಪಾಠ ಒಪ್ಪಿಸಿದ್ದ.”

“ಅದರಿಂದ ಏನಾದ್ರೂ ಕಲಿತನಾ?”

“ಕಲಿತ.”

ಇಡೀ ಬೀದಿಯಲ್ಲಿ ಹಾಗೆಂದವನು ಇವನೊಬ್ಬನೇ. ಹುಡುಗಿಯ ಮುಖ ಅರಳಿತು. “ಅವನನ್ನೇ ಸ್ವಲ್ಪ ಕರೀತೀರಾ?”

“ಆಸ್ಪತ್ರೇಲಿದಾನೆ. ಇನ್ನೂ ನಮ್ಮ ಗುರುತು ಹಿಡೀತಿಲ್ಲ.”

ಅವನು ಪೆಟ್ಟಿಗೆಯ ಬೀಗ ತೆಗೆದು, ತೇಪೆ ಅಂಟಿಸುವ ಸಲ್ಯೂಷನ್ ಡಬ್ಬಿಯನ್ನು ಕೈಗೆತ್ತಿಕೊಂಡ.

“ಇದರ ಪಕ್ಕದಲ್ಲೇ ಆಡಿ ಬೆಳೆದೋನಮ್ಮ. ಇದನ್ನ ಮೂಸಿದ್ರೆ ನಶೆ ಬರುತ್ತೆ ಅಂತ ನಿಮ್ಮ ಪೋಸ್ಟರ್ ಓದೋವರೆಗೂ ಅವನಿಗೆ ಗೊತ್ತಿರ್ಲಿಲ್ಲ.”