ಹೂಂ ಅನ್ನುವವರು

"ಬರ್ತೀನ್ರೀ ಮೇಡಮ್ಮಾರ," ಎಂದು ಹನುಮವ್ವ ಎದ್ದೇಬಿಟ್ಟಳು. ಮುಂಬೈಯ ಸಯನ್ನಿನ ಆ ಪುಟ್ಟ ಕೌನ್ಸೆಲಿಂಗ್ ಕೋಣೆಯಿಂದ ಈ ಸಲವೂ ಅವಳು ತೀರಿಹೋದ ಮಗಳ ಹೆಸರೆತ್ತದೆ ಹೊರಟಿದ್ದಳು. ಕೌನ್ಸೆಲರ್ ಪ್ರಫುಲ್ಲಾ ತಾನು ಕಲಿತಂತೆ ತುಟಿ ಬಿಚ್ಚದೆ, ತಲೆಯಾಡಿಸುತ್ತ ಕಾದು ಕೂತಿದ್ದಳು. ಈಗ ತಡೆಯಲಾಗಲಿಲ್ಲ. "ನಾನು ಹೇಗೆ ಕೇಳಿದ್ರೆ ನಿಮಗೆ ಹೇಳ್ಲಿಕ್ಕೆ ಆಗ್ತದೆ ಅಮ್ಮಾ? ನೀವೇ ಹೇಳಿ."

ಹನುಮವ್ವ ಬಾಗಿಲ ಹಿಡಿಕೆ ಬಿಡದೆ ನಕ್ಕಳು. "ನೀವು ಗ್ವಾಡಿ ಹಂಗ ಕುಂತ್ರ ಯಾರ ಮುಂದ ಹೇಳ್ಲಿರೀ? ನಮ್ಮ ಕಡಿ ಕಥಿ ಹೇಳೂಮುಂದ ಕೇಳಾವ್ರು ಹೂಂ ಅಂತಿರಬೇಕು. ಹೂಂ ನಿಂತ್ರ ಕಥೀನೂ ನಿಂತು."

ಪ್ರಫುಲ್ಲಾಳಿಗೆ ಅಜ್ಜಿಯ ಸಂಜೆಯ ಕಥೆಗಳು ನೆನಪಾದವು. ಆ ತೊಡೆಯ ಮೇಲೆ, ದೀಪದ ಮಬ್ಬಿನಲ್ಲಿ, ಅರೆನಿದ್ದೆಯಲ್ಲೂ ಅವಳು ಹೂಂಗುಟ್ಟುತ್ತಿದ್ದಳು. ಕಲಿತದ್ದೆಲ್ಲ ಅತ್ತ ಸರಿದು, ಆ ಹಳೆಯ ದನಿಯೇ ಮೇಲೆದ್ದು ಬಂತು.

"ಹೂಂ," ಎಂದಳು.

ಹೊರಗೆ ಲೋಕಲ್ ರೈಲು ಯಾವುದೋ ಭಜನೆಯ ತಾಳದಂತೆ ಹಾದುಹೋಯಿತು. ಹನುಮವ್ವನ ಕೈ ಹಿಡಿಕೆಯಿಂದ ಮೆಲ್ಲಗೆ ಜಾರಿತು. ಮರಳಿ ಬಂದು ಕೂತು, ಸೆರಗನ್ನು ಮಡಿಲಿಗೆಳೆದುಕೊಂಡು, ಎಲ್ಲೋ ದೂರ ನೋಡುತ್ತ ಅಂದಳು: "ವಿಕ್ರೋಳಿಯಾಗ ಸಪ್ನಾ ಅಂತ ಒಂದು ಹುಡುಗಿ ಇತ್ರೀ..."

"ಹೂಂ."